ಸಂಗೀತಗಾರನೂ ಸಂಸ್ಥೆಯೂ



ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗದಲ್ಲಿ ಚಿತ್ತಾಪುರ, ಮಳಖೇಡ, ಸೇಡಂ ಇವುಗಳನ್ನು ದಾಟಿದ ಮೇಲೆ ಕುರಕುಂಟಾ ಎಂಬುದೊಂದು ಸಣ್ಣ ನಿಲ್ದಾಣವುಂಟು. ಹೈದರಾಬಾದು ಸಂಸ್ಥಾನವು ತನ್ನ ರಾಜಧಾನಿಯನ್ನು ಮುಂಬಯಿಯ ದೊಡ್ಡ ದಾರಿಗೆ ಕೂಡಿಸಿಕೊಳ್ಳಲೆಂದು 1874ರಲ್ಲಿ ತೆರೆದ ಮಾರ್ಗವಿದು. ಸುತ್ತಲೂ ಸುಣ್ಣಗಲ್ಲಿನ ನೆಲ, ತೊಗರಿಯ ಹೊಲ, ಮನೆಮನೆಗೂ ಫರಸಿ ಕಲ್ಲಿನ ಹಾಸು. ಈ ಕಲ್ಲನ್ನು ನಂಬಿ ಬಂದ ಸರಕಾರಿ ಸಿಮೆಂಟ್ ಕಾರ್ಖಾನೆಯೊಂದು ಕೆಲವು ದಶಕ ನಡೆದು, ಹಿಂದಿನ ಶತಮಾನದ ಕೊನೆಗೆ ನಿಂತುಹೋಯಿತು. ಊರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ, ಹಾಡುಗಳೂ ಹಾಗೆಯೇ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿಯ ಮೇಲೆ ಹಾಡುವವರೇ ಮೊಹರಮ್ಮಿನ ದಿನಗಳಲ್ಲಿ ರಿವಾಯತುಗಳನ್ನೂ ಹಾಡುವುದುಂಟು.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಕಾರ್ಯದ ನಿಮಿತ್ತ ಆ ಕಡೆಗೆ ಹೋದವನು, ರಾತ್ರಿ ಗುಡಿಯ ಮುಂದೆ ನಡೆದ ಭಜನೆಯೊಂದನ್ನು ಕೇಳುವ ಪ್ರಸಂಗ ಬಂದಿತು. ಹದಿಮೂರು ವರ್ಷದ ಹುಡುಗನೊಬ್ಬನು ಹಿರಿಯರ ಧ್ವನಿಗಳ ನಡುವಿನಿಂದ ಮೇಲಿನ ಷಡ್ಜವನ್ನು ಹಿಡಿದು ನಿಲ್ಲಿಸಿದನು. ಯಾರೂ ಅವನಿಗೆ ಷಡ್ಜವೆಂಬ ಹೆಸರನ್ನು ಕಲಿಸಿರಲಿಲ್ಲ. ಭಜನೆ ಮುಗಿದ ಮೇಲೆ ಅವನ ತಂದೆ ನನ್ನ ಬಳಿಗೆ ಬಂದು ಕೇಳಿದ ಮಾತು ಇದು: "ಹುಡುಗ್ಗ ದನಿ ಅದ ಅಂತಾರ್ರೀ ಎಲ್ಲಾರೂ. ಖರೆ, ದನಿ ಇದ್ದರ ಹೊಟ್ಟಿ ತುಂಬತದೇನ್ರೀ? ಎಲ್ಲಿ ಹೋಗಬೇಕು, ಯಾರ್ನ ಕೇಳಬೇಕು, ನಮಗೇನೂ ತಿಳೀದು."

ಇಂದಿನ ನನ್ನ ಭಾಷಣವು ಆ ಪ್ರಶ್ನೆಗೆ ಸಲ್ಲತಕ್ಕ ಉತ್ತರ. ನಗರವಾಸಿಗಳಾದ ತಮಗೆ ಸಂಗೀತವೆಂದರೆ ಕಚೇರಿ. ವೇದಿಕೆಯ ಮೇಲೆ ಕುಳಿತ ವಿದ್ವಾಂಸರು, ಹಿಂದೆ ತಂಬೂರಿ, ಮುಂದೆ ನಾವು. ಆ ವಿದ್ವಾಂಸರು ಅಲ್ಲಿಯವರೆಗೆ ಬಂದುದು ಹೇಗೆ, ಯಾರ ಅನ್ನವನ್ನುಂಡು ಬಂದರು, ಕಂಠವು ಕುಗ್ಗಿದ ಮೇಲೆ ಅವರ ಗತಿ ಏನು ಎಂಬುದನ್ನು ನಾವು ವಿಚಾರಿಸುವುದು ಅಪೂರ್ವ. ಸಂಗೀತ ಸಂಸ್ಥೆಗಳು ಇರುವುದು ಈ ಮೂರು ಪ್ರಶ್ನೆಗಳಿಗಾಗಿ.

ಹಿಂದೆ ಇವಕ್ಕೆ ಉತ್ತರವನ್ನು ಕೊಡುತ್ತಿದ್ದುದು ಅರಮನೆ, ಗುಡಿ, ಮಠ ಮತ್ತು ನಾಟಕ ಕಂಪನಿ. ಮೈಸೂರಿನ ಅರಸರ ಆಶ್ರಯದಲ್ಲಿ ವೀಣೆ ಶೇಷಣ್ಣನವರೂ ವಾಸುದೇವಾಚಾರ್ಯರೂ ಇದ್ದರೆಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆಸ್ಥಾನದ ಆಶ್ರಯವು ಬೆಳೆದ ಮರಕ್ಕೆ ಕಟ್ಟಿದ ಕಟ್ಟೆಯಂತೆ. ಸಸಿಗೆ ನೀರೆರೆಯುವ ಕೆಲಸವನ್ನು ಅದು ಎಲ್ಲ ಕಾಲದಲ್ಲಿಯೂ ಮಾಡಲಿಲ್ಲ. ಅದಲ್ಲದೆ ಅರಸೊತ್ತಿಗೆಗಳು ಹೋದ ದಿನ ಆ ಕಟ್ಟೆಯೂ ಹೋಯಿತು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಲೀನವಾಯಿತು. 1956ರಲ್ಲಿ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಕುರಕುಂಟಾದಂಥ ಊರಿನ ಪಾಲಿಗೆ ಹೈದರಾಬಾದಿನ ದರ್ಬಾರೂ ದೂರವಾಗಿದ್ದಿತು, ಮೈಸೂರಿನ ಅರಮನೆಯಂತೂ ಕಥೆಯಲ್ಲಿ ಮಾತ್ರವಿದ್ದಿತು.

ಸಂಗೀತಗಾರರು ತಾವೇ ಕೂಡಿ ತಮ್ಮವರನ್ನು ಸಾಕಿಕೊಳ್ಳಬೇಕೆಂಬ ಭಾವನೆ ಹೊಸದಲ್ಲ. ಲಂಡನ್ನಿನಲ್ಲಿ ಕಿಚ್ ಎಂಬ ಒಬ್ಬ ಓಬೋ ವಾದಕನು ಬಡತನದಲ್ಲಿ ತೀರಿಕೊಂಡನು. ಅವನ ಅನಾಥ ಮಕ್ಕಳು ಬೀದಿಯಲ್ಲಿ ಹಾಲಿನ ಕತ್ತೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದುದನ್ನು ಅವನ ಜೊತೆಗಾರರಾಗಿದ್ದ ಕೆಲವರು ಕಂಡರು. ಆ ನಾಚಿಕೆಯಿಂದ 1738ರಲ್ಲಿ ಹುಟ್ಟಿದುದು ಅಲ್ಲಿಯ ಸಂಗೀತಗಾರರ ಸಹಾಯಕ ಸಂಘ. ಮಹಾ ವಾಗ್ಗೇಯಕಾರನಾದ ಹ್ಯಾಂಡೆಲನು ಅದರ ಸ್ಥಾಪಕರಲ್ಲೊಬ್ಬನು. 1759ರಲ್ಲಿ ಸಾಯುವಾಗ ತನ್ನ ಮರಣಶಾಸನದಲ್ಲಿ 1000 ಪೌಂಡುಗಳನ್ನು ಅದಕ್ಕೆ ಬರೆದಿಟ್ಟನು. ಆ ಸಂಘವು ಇಂದಿಗೂ ನಡೆಯುತ್ತಿದೆ. ಗಮನಿಸತಕ್ಕದ್ದೇನೆಂದರೆ, ಇದರಲ್ಲಿ ಕಚೇರಿಯ ಮಾತಿಲ್ಲ, ಬಿರುದಿನ ಮಾತಿಲ್ಲ. ಸತ್ತವನ ಮಕ್ಕಳ ಅನ್ನದ ಮಾತು ಮಾತ್ರವಿದೆ.

ನಮ್ಮ ನಾಡಿನಲ್ಲಿಯೂ ಅನ್ನದಿಂದಲೇ ಆರಂಭವಾದ ಸಂಸ್ಥೆಯೊಂದುಂಟು. ಅದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಇದನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇನೆ. ಏಕೆಂದರೆ ಉಳಿದ ಸಂಸ್ಥೆಗಳೆಲ್ಲ ಬಿಡಿಬಿಡಿಯಾಗಿ ಮಾಡುವ ಕೆಲಸಗಳನ್ನು ಇದು ಒಂದೇ ಸೂರಿನ ಕೆಳಗೆ ಮಾಡಿತು.

ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಕೂಸು ಹುಟ್ಟಿತು. ಅದಕ್ಕೂ ಕಣ್ಣಿಲ್ಲ, ಅದರ ಅಣ್ಣನಿಗೂ ಕಣ್ಣಿಲ್ಲ. ಇಬ್ಬರಿಗೂ ಕಂಠವಿದ್ದಿತು. ಹಾನಗಲ್ಲಿನ ಕುಮಾರಸ್ವಾಮಿಗಳು ಈ ಮಕ್ಕಳ ಹಾಡನ್ನು ಕೇಳಿದವರು 'ಚೆನ್ನಾಗಿದೆ' ಎಂದು ಹೇಳಿ ಮುಂದೆ ಹೋಗಬಹುದಾಗಿದ್ದಿತು. ಬಹುಮಂದಿ ಹಾಗೆಯೇ ಹೋಗುತ್ತೇವೆ. ಅವರು ಹಾಗೆ ಮಾಡದೆ ಹುಡುಗರ ಶಿಕ್ಷಣದ ಭಾರವನ್ನು ಹೊತ್ತರು. ಅಣ್ಣನು ಎಳೆವಯಸ್ಸಿನಲ್ಲಿಯೇ ತೀರಿಕೊಂಡನು. ತಮ್ಮನು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ, ನೀಲಕಂಠಬುವಾ ಮಿರಜಕರರ ಬಳಿಯಲ್ಲಿ ಹಿಂದೂಸ್ಥಾನಿ ಪದ್ಧತಿಯನ್ನೂ ಕಲಿತು, ಮುಂದೆ ಉಭಯ ಗಾಯನ ವಿಶಾರದ ಪಂಚಾಕ್ಷರ ಗವಾಯಿಗಳೆಂದು ನಾಡಿನಲ್ಲೆಲ್ಲ ಹೆಸರಾದರು.

ಗವಾಯಿಗಳು ತಾವು ಪಡೆದುದನ್ನು ಹಿಂದಿರುಗಿಸಿದ ರೀತಿ ವಿಶೇಷವಾದುದು. ಬಹುಕಾಲ ಅವರ ಪಾಠಶಾಲೆಗೆ ಕಟ್ಟಡವೇ ಇರಲಿಲ್ಲ. ಶಿಷ್ಯರ ಗುಂಪನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುವುದು, ಭಕ್ತರು ಕರೆದಲ್ಲಿ ಬಿಡಾರ ಮಾಡುವುದು, ಅಲ್ಲಿಯೇ ಪಾಠ, ಅಲ್ಲಿಯೇ ಕೀರ್ತನೆ, ಅಲ್ಲಿಯೇ ಊಟ. ಕುರುಡ ಮಕ್ಕಳು, ಬಡವರ ಮಕ್ಕಳು, ತಂದೆತಾಯಿಯಿಲ್ಲದವರು, ಯಾರು ಬಂದರೂ ಜಾತಿಯನ್ನು ಕೇಳದೆ ಸೇರಿಸಿಕೊಳ್ಳುವುದು. ಇಂಥ ಶಾಲೆಯನ್ನು ಸಾಕುವುದು ಎಷ್ಟು ಕಷ್ಟವೆಂಬುದನ್ನು ನಾಲ್ಕು ಮಂದಿ ವಿದ್ಯಾರ್ಥಿಗಳಿಗೆ ಒಂದು ತಿಂಗಳು ಅನ್ನವನ್ನಿಕ್ಕಿ ನೋಡಿದವರು ಬಲ್ಲರು. ಕೊನೆಗೆ ಗದುಗಿನ ವರ್ತಕರಾದ ಬಸರಿಗಿಡದ ವೀರಪ್ಪನವರು ನೆಲೆಯನ್ನು ಕೊಟ್ಟರು. 1942ರ ಹೊತ್ತಿಗೆ ಅಲೆಯುವ ಶಾಲೆಯು ಗದುಗಿನಲ್ಲಿ ನಿಂತಿತು. ಆಶ್ರಮವು ಆ ದಾನಿಯ ಹೆಸರಿನಿಂದಲೇ ವೀರೇಶ್ವರವೆನಿಸಿತು. ಗವಾಯಿಗಳು ಅದನ್ನು ಅನುಭವಿಸಿದುದು ಎರಡೇ ವರ್ಷ. 1944ರಲ್ಲಿ ಅವರು ಲಿಂಗೈಕ್ಯರಾದರು.

ಅವರ ತರುವಾಯ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು. ಇವರೂ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. 1914ರಲ್ಲಿ ಹುಟ್ಟಿ 2010ರವರೆಗೆ ಬಾಳಿ, ಅರವತ್ತಾರು ವರ್ಷ ಆ ಒಲೆಯನ್ನು ಆರದಂತೆ ನೋಡಿಕೊಂಡರು. ಹಣವೆಲ್ಲಿಂದ ಬಂದಿತೆಂದರೆ, ಒಂದು ಭಾಗವು ನಾಟಕದಿಂದ. ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘವೆಂಬ ಕಂಪನಿಯನ್ನು ಕಟ್ಟಿ, ಗವಾಯಿಗಳು ತಾವೇ ನಾಟಕಗಳನ್ನು ಬರೆದು, ಶಿಷ್ಯರಿಂದ ಆಡಿಸಿ, ಬಂದ ಹುಟ್ಟುವಳಿಯನ್ನು ದಾಸೋಹಕ್ಕೆ ಹಾಕಿದರು. ಇನ್ನೊಂದು ಭಾಗವು ತುಲಾಭಾರದಿಂದ. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳನ್ನು ತೂಗಿ ಕೊಡುತ್ತಿದ್ದರು. ಸಂನ್ಯಾಸಿಗಳಿಗೆ ಇಷ್ಟೊಂದು ತುಲಾಭಾರವೇಕೆಂದು ಮೂಗು ಮುರಿದವರನ್ನು ನಾನು ಕಂಡಿದ್ದೇನೆ. ಆ ನಾಣ್ಯಗಳು ಜೋಳವಾಗಿ, ಬೇಳೆಯಾಗಿ, ತಬಲೆಯ ಮುಚ್ಚಿಗೆಯಾಗಿ ಮಾರ್ಪಡುತ್ತಿದ್ದುದನ್ನು ಅವರು ನೋಡಲಿಲ್ಲ.

ಈಗ ಈ ಸಂಸ್ಥೆಯು ಕಲಾವಿದನಿಗೆ ಮಾಡಿದ ಉಪಕಾರವನ್ನು ಬಿಡಿಸಿ ನೋಡೋಣ. ಮೊದಲನೆಯದು ಕಾಲ. ಖಯಾಲು ಗಾಯನವಾಗಲಿ ಸಾರಂಗಿಯಾಗಲಿ ಎರಡು ವರ್ಷದ ವಿದ್ಯೆಯಲ್ಲ. ಹತ್ತು ಹನ್ನೆರಡು ವರ್ಷ ಸಂಪಾದನೆಯ ಚಿಂತೆಯಿಲ್ಲದೆ ಕುಳಿತುಕೊಳ್ಳಬೇಕು. ಶ್ರೀಮಂತರ ಮಕ್ಕಳಿಗೆ ಆ ಕಾಲವನ್ನು ತಂದೆ ಕೊಳ್ಳುತ್ತಾನೆ. ಬಡವರ ಮಕ್ಕಳಿಗೆ ಕೊಳ್ಳುವವರಾರು? ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ತೊಗಲುಗೊಂಬೆಯಾಟದ ಮನೆತನದಲ್ಲಿ 1953ರಲ್ಲಿ ಹುಟ್ಟಿದ ವೆಂಕಟೇಶಕುಮಾರರನ್ನು ಅವರ ಸೋದರಮಾವಂದಿರಾದ ಬೆಳಗಲ್ಲು ವೀರಣ್ಣನವರು ಬಾಲ್ಯದಲ್ಲಿಯೇ ಈ ಆಶ್ರಮಕ್ಕೆ ತಂದು ಬಿಟ್ಟರು. ಸುಮಾರು ಹನ್ನೆರಡು ವರ್ಷ ಅವರು ಅಲ್ಲಿದ್ದರು. ಇಂದು ಭಾರತದಾದ್ಯಂತ ಅವರ ಗಾಯನವನ್ನು ಕೇಳಿ ತಲೆದೂಗುವವರು ಆ ಹನ್ನೆರಡು ವರ್ಷದ ಊಟದ ಲೆಕ್ಕವನ್ನು ನೆನೆಯಬೇಕು.

ಎರಡನೆಯದು ವೇದಿಕೆ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆದಾಗ, ಧಾರವಾಡ ಜಿಲ್ಲೆಯ ಯಲಿವಾಳದ ತರುಣ ಬಸವರಾಜ ರಾಜಗುರುಗಳು ಹಾಡಿದರು. ಅವರಿಗೆ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳಾದ ಪಂಚಾಕ್ಷರ ಗವಾಯಿಗಳು. ಹೆಸರಾದ ವಿದ್ವಾಂಸನು ಹೆಸರಿಲ್ಲದ ಹುಡುಗನ ಹಿಂದೆ ಕುಳಿತು ಠೇಕಾ ಹಿಡಿಯುವುದು! ನೂರು ಶಿಫಾರಸು ಪತ್ರಗಳು ಮಾಡಲಾರದ ಕೆಲಸವನ್ನು ಆ ಒಂದು ಸಂಜೆ ಮಾಡಿತು. ಪ್ರತಿಷ್ಠಿತರಿಂದ ಉದಯೋನ್ಮುಖರಿಗೆ ಆಗಬೇಕಾದ ಸಹಾಯವೆಂದರೆ ಇದೇ.

ಮೂರನೆಯದು ಉಪಜೀವನ. ಆಶ್ರಮದಿಂದ ಹೊರಬಿದ್ದವರೆಲ್ಲರೂ ರಾಜಗುರುಗಳಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಕೆಲವರು ಶಾಲೆಗಳಲ್ಲಿ ಸಂಗೀತದ ಮಾಸ್ತರರಾದರು, ಕೆಲವರು ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ಹಿಡಿದರು, ಅನೇಕರು ಕೀರ್ತನಕಾರರಾಗಿ ಪುರಾಣ ಪ್ರವಚನಗಳಿಗೆ ಸಂಗೀತ ಕೂಡಿಸುತ್ತ ಹಳ್ಳಿಹಳ್ಳಿಗೆ ಹೋದರು. ಬೇಡಿ ತಿನ್ನಬೇಕಾಗಿದ್ದ ಅಂಧನೊಬ್ಬನು ಗೌರವದಿಂದ 'ಗವಾಯಿಗಳೇ' ಎಂದು ಕರೆಸಿಕೊಂಡು ಬಾಳುವುದು ಸಣ್ಣ ಸಂಗತಿಯಲ್ಲ. ರಾಯಚೂರು ಸೀಮೆಯ ಜಂಬಲದಿನ್ನಿಯ ಸಿದ್ಧರಾಮರು ಶರಣರ ವಚನಗಳನ್ನು ರಾಗದಲ್ಲಿಟ್ಟು ಹಾಡಿ ಜನರ ನಾಲಗೆಯ ಮೇಲೆ ನಿಲ್ಲಿಸಿದವರು; ನಿಜಾಮರ ಸೀಮೆಯ ಕನ್ನಡದ ಕಂಠವೆಂದರೆ ಇಂದಿಗೂ ಮೊದಲು ನೆನಪಾಗುವುದು ಅವರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದಿದ್ದರೆ ನ್ಯಾಯವಾಗಲಾರದು. ಇಂಥ ಸಂಸ್ಥೆಯು ಒಬ್ಬ ಮಹಾನುಭಾವನ ತಪಸ್ಸಿನ ಮೇಲೆ ನಿಂತಿರುತ್ತದೆ. ಪಂಚಾಕ್ಷರರಾದ ಮೇಲೆ ಪುಟ್ಟರಾಜರು ದೊರೆತುದು ನಮ್ಮ ಪುಣ್ಯ. ಪ್ರತಿಯೊಂದು ಜಿಲ್ಲೆಗೂ ಒಬ್ಬೊಬ್ಬ ತಪಸ್ವಿಯನ್ನು ಕಾಯುತ್ತ ಕುಳಿತುಕೊಳ್ಳುವಂತಿಲ್ಲ. ಆದುದರಿಂದಲೇ ನಿಯಮ, ಚುನಾವಣೆ, ಲೆಕ್ಕಪತ್ರಗಳಿಂದ ನಡೆಯುವ ಸಭೆ, ಮಂಡಳ, ಪರಿಷತ್ತುಗಳು ಬೇಕಾದುವು.

ದಾರಿ ಹೇಳುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಗದುಗಿನದೇ ಇನ್ನೊಂದು ಕಥೆಯುಂಟು. 1933ರಲ್ಲಿ ಹನ್ನೊಂದು ವರ್ಷದ ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಚೀಟಿಯಿಲ್ಲದೆ ರೈಲು ಹತ್ತಿ, ಹಾಡಿ ಹೊಟ್ಟೆ ಹೊರೆದು, ಗ್ವಾಲಿಯರ, ಕಲಕತ್ತೆ, ಜಲಂಧರಗಳನ್ನು ಸುತ್ತಿದರು. ಜಲಂಧರದಲ್ಲಿ ವಿನಾಯಕರಾವ್ ಪಟವರ್ಧನರು ಅವರನ್ನು ಕಂಡು, ನಿನ್ನ ಊರಿನ ಬಳಿಯಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಲ್ಲಿಗೇಕೆ ಬಂದೆ ಎಂಬ ಅರ್ಥದ ಮಾತನ್ನಾಡಿ ಹಿಂದಕ್ಕೆ ಕಳುಹಿಸಿದರು. ಕುಂದಗೋಳವು ಗದುಗಿನಿಂದ ಎಷ್ಟು ದೂರ? ಆ ಹುಡುಗನ ಎದೆಗಾರಿಕೆ ದೊಡ್ಡದಾದುದರಿಂದ ಕಥೆಯು ಸುಖವಾಗಿ ಮುಗಿಯಿತು. ಅಷ್ಟೇ ಕಂಠವಿದ್ದು ಅಷ್ಟು ಎದೆಗಾರಿಕೆಯಿಲ್ಲದವರು ಎಷ್ಟು ಮಂದಿ ನಡುದಾರಿಯಲ್ಲಿ ಉಳಿದರೋ! ಎಲ್ಲಿ ಯಾರಿದ್ದಾರೆ, ಯಾರನ್ನು ಕಾಣಬೇಕು ಎಂಬ ಬರಿಯ ಸುದ್ದಿಯೇ ಸಂಸ್ಥೆಯು ಕೊಡಬಹುದಾದ ಮೊದಲನೆಯ ದಾನ. ಅದಕ್ಕೆ ಖರ್ಚೂ ಕಡಿಮೆ.

ಪರೀಕ್ಷೆಗಳ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಸಂಗೀತವನ್ನು ತರಗತಿ, ಪಠ್ಯಕ್ರಮ, ಪ್ರಮಾಣಪತ್ರಗಳ ಚೌಕಟ್ಟಿಗೆ ತಂದರು. 1931ರಲ್ಲಿ ಅವರು ಗತಿಸಿದ ಮೇಲೆ ಶಿಷ್ಯರು ಕೂಡಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳವನ್ನು ಸ್ಥಾಪಿಸಿದರು. ಪ್ರಾರಂಭಿಕದಿಂದ ವಿಶಾರದ, ಅಲಂಕಾರಗಳವರೆಗೆ ಅದರ ಪರೀಕ್ಷೆಗಳಿವೆ. ಉತ್ತರ ಕರ್ನಾಟಕದಲ್ಲಿ ಬಹುಮಂದಿ ಅವುಗಳಿಗೆ ಕುಳಿತುಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳು ಬೇರೆ. ವಿಶಾರದನಾದವನೆಲ್ಲ ಗವಾಯಿಯಾಗುವುದಿಲ್ಲವೆಂದು ಹಿರಿಯರು ನಗುವುದುಂಟು, ನಗು ನ್ಯಾಯವೇ. ಆದರೆ ಹಳ್ಳಿಯ ಶಾಲೆಯಲ್ಲಿ ಸಂಗೀತದ ಮಾಸ್ತರನ ಕೆಲಸ ಖಾಲಿಯಾದಾಗ ಕೇಳುವುದು ಕಾಗದವನ್ನು, ತಾನನ್ನಲ್ಲ. ಬಡವನಿಗೆ ಆ ಕಾಗದವೇ ಒಂದು ಎಕರೆ ಹೊಲ.

ಸಭೆಗಳ ಕೆಲಸವು ತಮಗೆಲ್ಲ ಪರಿಚಿತವಾದುದು. ಬೆಂಗಳೂರು ಗಾಯನ ಸಮಾಜವು 1905ರಲ್ಲಿ ಹುಟ್ಟಿತು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ತಾವು ದುಡಿದ ಹಣದಿಂದ ರಾಮಮಂದಿರವನ್ನು ಕಟ್ಟಿ ಅಲ್ಲಿ ಕಚೇರಿಗಳನ್ನು ನಡೆಸಿದರು. ವಿದ್ವಾಂಸನೊಬ್ಬನು ತಾನೇ ಸಂಸ್ಥೆಯಾದುದಕ್ಕೆ ಇದು ನಿದರ್ಶನ. 1927ರ ಕಾಂಗ್ರೆಸ್ಸಿನ ಅಧಿವೇಶನದೊಡನೆ ನಡೆದ ಸಂಗೀತ ಸಮ್ಮೇಳನದ ಫಲವಾಗಿ ಮದರಾಸಿನ ಸಂಗೀತ ಅಕಾಡೆಮಿಯು 1928ರಲ್ಲಿ ಆರಂಭವಾಯಿತು. ಅಲ್ಲಿ ಬೆಳಗ್ಗೆ ವಿದ್ವಾಂಸರ ಚರ್ಚೆ, ಮಧ್ಯಾಹ್ನ ಕಿರಿಯರ ಕಚೇರಿ, ಸಂಜೆ ಹಿರಿಯರದು ಎಂಬ ಏರ್ಪಾಡುಂಟು. ಮಧ್ಯಾಹ್ನದ ಊಟದ ತರುವಾಯ ಅರ್ಧ ಖಾಲಿಯಾದ ಕುರ್ಚಿಗಳ ಮುಂದೆ ಹಾಡುವುದು ಕಿರಿಯರಿಗೆ ಕಹಿಯೆನಿಸಬಹುದು. ಆದರೂ ಮಧ್ಯಾಹ್ನದ ಬಾಗಿಲಿನಿಂದ ಒಳಹೊಕ್ಕು ಸಂಜೆಯ ವೇದಿಕೆಯನ್ನು ಏರಿದವರೇ ಬಹುಮಂದಿ. ಬೆಂಗಳೂರಿನ ಕರ್ನಾಟಕ ಗಾನಕಲಾ ಪರಿಷತ್ತು ವಿದ್ವಾಂಸರೇ ಕೂಡಿ ನಡೆಸುವ ಸಂಸ್ಥೆ. ಸಮ್ಮೇಳನಾಧ್ಯಕ್ಷರಾದ ಹಿರಿಯರಿಗೆ ಗಾನಕಲಾಭೂಷಣವೆಂದೂ, ತರುಣರಿಗೆ ಗಾನಕಲಾಶ್ರೀ ಎಂದೂ ಬಿರುದನ್ನು ಕೊಡುತ್ತದೆ. ಹಿಂದೂಸ್ಥಾನಿಯ ಕಡೆಗೆ, ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಶಿಷ್ಯರಾದ ಭೀಮಸೇನ ಜೋಶಿಯವರು 1953ರಿಂದ ಪುಣೆಯಲ್ಲಿ ನಡೆಸಿದ ಉತ್ಸವವು ದೇಶದ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. ದಾರಿ ತಪ್ಪಿ ಅಲೆದ ಹುಡುಗನೇ ಇತರರಿಗೆ ವೇದಿಕೆಯನ್ನು ಹಾಕಿಕೊಟ್ಟನೆಂಬುದನ್ನು ಮರೆಯತಕ್ಕದ್ದಲ್ಲ.

ಇನ್ನು ರೇಡಿಯೊ. ಗೋಪಾಲಸ್ವಾಮಿಗಳು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದುದೂ, ಹೈದರಾಬಾದಿನ ಡೆಕ್ಕನ್ ರೇಡಿಯೊ 1950ರಲ್ಲಿ ಅಖಿಲ ಭಾರತ ವ್ಯವಸ್ಥೆಗೆ ಸೇರಿದುದೂ ಈಗ ಚರಿತ್ರೆ. ಧಾರವಾಡದ ನಿಲಯವು 1950ರಲ್ಲಿ, ಕಲಬುರಗಿಯದು 1966ರಲ್ಲಿ ತೆರೆದುವು. ಅರಸರು ಹೋದ ಮೇಲೆ ಸಂಗೀತಗಾರರಿಗೆ ಸಂಬಳ ಕೊಟ್ಟ ಹೊಸ ಅರಸನೆಂದರೆ ಆಕಾಶವಾಣಿಯೇ. 1952ರ ಸುಮಾರಿಗೆ ಮಂತ್ರಿಗಳಾದ ಕೇಸ್ಕರರ ಕಾಲದಲ್ಲಿ ಧ್ವನಿಪರೀಕ್ಷೆಯ ಮಂಡಲಿಗಳು ಬಂದುವು. ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳು ಇಂದಿಗೂ ಉಂಟು, ಶ್ರೇಣಿಯಂತೆ ಸಂಭಾವನೆ. ಈ ಪರೀಕ್ಷೆಯ ಗುಣವೇನೆಂದರೆ, ಹಾಡುವವನ ಮುಖ, ಮನೆತನ, ಪೋಷಾಕುಗಳನ್ನು ನೋಡದೆ ಧ್ವನಿಯನ್ನು ಮಾತ್ರ ಕೇಳಿ ಬೆಲೆ ಕಟ್ಟಬೇಕೆಂಬ ಉದ್ದೇಶ. ದೋಷವೇನೆಂದರೆ, ನರೆಗೂದಲಿನ ವಿದ್ವಾಂಸರನ್ನೂ ಹುಡುಗರಂತೆ ಪರೀಕ್ಷೆಗೆ ಕೂರಿಸಲು ಹೋದುದು. ಅದರಿಂದ ಆಗ ಬಹಳ ಮನಸ್ತಾಪವಾಯಿತು. ಸಂಸ್ಥೆಯು ಬಲಿತಾಗ ಅದರ ಒಂದು ಆಜ್ಞೆಯು ಎಷ್ಟು ಮಂದಿಯ ತಟ್ಟೆಯನ್ನು ತೆಗೆಯಬಲ್ಲುದೆಂಬುದಕ್ಕೆ ಹಾರ್ಮೋನಿಯಂ ಸಾಕ್ಷಿ. ಶ್ರುತಿಸೂಕ್ಷ್ಮಗಳಿಗೆ ಒಗ್ಗುವುದಿಲ್ಲವೆಂದು 1940ರಲ್ಲಿ ಅದನ್ನು ರೇಡಿಯೊದಿಂದ ಹೊರಗಿಟ್ಟರು. ಮೂವತ್ತು ವರ್ಷಗಳ ಮೇಲೆ ಸಾಥಿಗಾಗಿ ಮತ್ತೆ ಒಳಗೆ ಬಿಟ್ಟರು. ಶಾಸ್ತ್ರದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬೆಳಗಾವಿಯ ರಾಮ ವಿಜಾಪುರೆಯವರಂಥ ಕೈಗಳನ್ನು ಹಡೆದ ನಮ್ಮ ಸೀಮೆಗೆ ಆ ತೀರ್ಪು ಎಂದೂ ಒಪ್ಪಿಗೆಯಾಗಲಿಲ್ಲ.

ಹಕ್ಕಿನ ಪ್ರಶ್ನೆಯು ಶ್ರೋತೃಗಳಿಗೆ ಅಷ್ಟು ಪರಿಚಿತವಲ್ಲವಾದುದರಿಂದ ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಬಸವಣ್ಣನವರ ವಚನವೊಂದನ್ನು ಯಾರೋ ಒಬ್ಬರು ಹೊಸ ರಾಗದಲ್ಲಿ ಕೂಡಿಸಿದರು, ಇನ್ನೊಬ್ಬರು ಹಾಡಿದರು, ಮತ್ತೊಂದು ಕಂಪನಿಯು ಮುದ್ರಿಸಿಕೊಂಡಿತು. ವಚನವು ಎಲ್ಲರ ಸೊತ್ತು. ಅದಕ್ಕೆ ಯಾರೂ ಹಣ ಕೇಳುವಂತಿಲ್ಲ. ಧಾಟಿಯು ಹೊಸದಾಗಿದ್ದರೆ ಅದು ಕೂಡಿಸಿದವರದು. ಅವರು ಗತಿಸಿದ ಮೇಲೆಯೂ 60 ವರ್ಷ ಅವರ ಮನೆಯವರಿಗೆ ಸಲ್ಲುತ್ತದೆ. ಮುದ್ರಿಕೆಯು ಕಂಪನಿಯದು. ಹಾಡಿದ ಕಂಠಕ್ಕೂ ಪ್ರತ್ಯೇಕವಾದ ಹಕ್ಕೊಂದಿದೆ. ಅದು 50 ವರ್ಷ. ಹಿಂದಿನ ಕಾಲದಲ್ಲಿ ತಟ್ಟೆ ಮುದ್ರಿಸಿಕೊಳ್ಳುವವರು ಗಾಯಕನ ಕೈಗೆ ಒಂದು ಮೊತ್ತವನ್ನು ಕೊಟ್ಟು ಸಹಿ ಹಾಕಿಸಿಕೊಂಡರೆಂದರೆ ಅಲ್ಲಿಗೆ ಮುಗಿಯಿತು. ತಟ್ಟೆ ಹತ್ತು ಸಾವಿರ ಮಾರಿದರೂ ಅವನಿಗೆ ಮುಂದೆ ಕಾಸಿಲ್ಲ. 2012ರಲ್ಲಿ ಕೃತಿಸ್ವಾಮ್ಯದ ಕಾಯಿದೆಯನ್ನು ತಿದ್ದಿ, ಗೌರವಧನದ ಪಾಲನ್ನು ಕಲಾವಿದನು ಸುಲಭವಾಗಿ ಬಿಟ್ಟುಕೊಡಲಾಗದಂತೆ ಮಾಡಿದರು. ಆದರೆ ಎಲ್ಲೆಲ್ಲಿ ತನ್ನ ಹಾಡು ಬಾಜಿಸಲ್ಪಟ್ಟಿತೆಂದು ಒಬ್ಬ ಗಾಯಕನು ಹೋಟೆಲು ಹೋಟೆಲಿಗೆ ಹೋಗಿ ಎಣಿಸಲಾರನಷ್ಟೆ. ಆ ವಸೂಲಿಯನ್ನು ಸಂಘವು ಮಾಡಬೇಕು. ವಾಗ್ಗೇಯಕಾರರ ಪರವಾಗಿ 1969ರಲ್ಲಿ ಸ್ಥಾಪಿತವಾದ ಸಂಘವೂ, ಗಾಯಕರ ಪರವಾಗಿ 2013ರಲ್ಲಿ ಹುಟ್ಟಿದ ಸಂಘವೂ ಮುಂಬಯಿಯಲ್ಲಿ ಈ ಕೆಲಸವನ್ನು ಮಾಡುತ್ತವೆ. ಚಲಚ್ಚಿತ್ರದ ಗಾಯಕರಿಗೆ ಇವು ಚೆನ್ನಾಗಿ ಗೊತ್ತು. ನಮ್ಮ ಜಿಲ್ಲೆಗಳ ವಚನಗಾಯಕರಲ್ಲಿ, ತತ್ವಪದದ ಗಾಯಕರಲ್ಲಿ ಸದಸ್ಯರಾದವರನ್ನು ಬೆರಳೆಣಿಸಬಹುದೆಂದು ತೋರುತ್ತದೆ.

ಕೊನೆಯದು ವೃದ್ಧಾಪ್ಯ. ಆ ರೈಲುದಾರಿಯ ಒಂದು ಊರಿನಲ್ಲಿ ನನಗೆ ಪರಿಚಯವಿದ್ದ ತಬಲಾ ವಾದಕರೊಬ್ಬರಿದ್ದರು. ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ನುಡಿಸಿದವರು. ಬಲಗೈಗೆ ವಾಯುವಾದ ಮೇಲೆ, ವರ್ಷಂಪ್ರತಿ ತಮ್ಮನ್ನು ಕರೆಯುತ್ತಿದ್ದ ಒಂದು ಸಂಸ್ಥೆಗೆ ಅವರು ಸಹಾಯವನ್ನು ಬೇಡಿ ಬರೆದರು. ಮುಂದಿನ ಉತ್ಸವದಲ್ಲಿ ಅವರಿಗೆ ಸನ್ಮಾನವಾಯಿತು: ಶಾಲು, ಫಲತಾಂಬೂಲ, ಗಾಜು ಹಾಕಿಸಿದ ಮಾನಪತ್ರ. ಅದನ್ನು ನನಗೆ ತೋರಿಸಿ, "ಇದನ್ನ ಔಷಧದ ಅಂಗಡ್ಯಾಗ ತಗೋತಾರೇನ್ರೀ ಸಾಹೇಬ್ರ?" ಎಂದು ನಕ್ಕರು. ಸರಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ವಯಸ್ಸಾದ ಕಲಾವಿದರಿಗೆ ಮಾಸಾಶನವನ್ನು ಕೊಡುತ್ತದೆಂಬುದು ಅವರಿಗೆ ತಿಳಿದುದು ತಡವಾಗಿ. ಇಷ್ಟು ವರ್ಷ ನುಡಿಸಿದ್ದಕ್ಕೆ ಸಾಕ್ಷಿಯೇನೆಂದು ಕೇಳಿದಾಗ, ಸುಟ್ಟುಹೋದ ಕಂಪನಿಗಳ ಹಸ್ತಪತ್ರಿಕೆಗಳನ್ನು ಅವರು ಎಲ್ಲಿಂದ ತರಬೇಕು? ಮುಂದೆ ಕುಳಿತು ಹಾಡುವವರ ಹೆಸರು ಪತ್ರಿಕೆಯಲ್ಲಿ ಉಳಿಯುತ್ತದೆ. ಪಕ್ಕದಲ್ಲಿ ಕುಳಿತವರದು 'ಮತ್ತು ಸಂಗಡಿಗರು' ಎಂಬುದರಲ್ಲಿ ಕರಗಿಹೋಗುತ್ತದೆ. ಸಂಸ್ಥೆಗಳು ತಮ್ಮ ವೇದಿಕೆಗೆ ಬಂದ ಪ್ರತಿಯೊಬ್ಬ ಸಾಥಿಯ ಹೆಸರು, ದಿನ, ಸಂಭಾವನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಕೇಳಿದಾಗ ಒಂದು ನಕಲನ್ನು ಕೊಟ್ಟರೆ ಸಾಕು. ಅದು ನೂರು ಶಾಲುಗಳಿಗಿಂತ ಹೆಚ್ಚು ಬೆಚ್ಚಗಿರುತ್ತದೆ.

ಇಷ್ಟೆಲ್ಲವನ್ನೂ ಆ ರಾತ್ರಿ ಕುರಕುಂಟಾದಲ್ಲಿ ಆ ತಂದೆಗೆ ಹೇಳಿದೆನೆಂದು ತಾವು ಭಾವಿಸಬಾರದು. ನಾನು ಹೇಳಿದುದು ಸ್ವಲ್ಪ. ಹತ್ತರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೇಂದ್ರ ಸರಕಾರದ ಸಾಂಸ್ಕೃತಿಕ ವಿದ್ಯಾರ್ಥಿವೇತನವೊಂದುಂಟು, ಹುಡುಗನ ಶಾಲೆಯ ಹೆಡ್‌ಮಾಸ್ತರರಿಂದ ಅರ್ಜಿ ಹಾಕಿಸಿರಿ ಎಂದೆ. ಕಲಬುರಗಿಯ ಆಕಾಶವಾಣಿಯಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ವಿಚಾರಿಸಿರಿ ಎಂದೆ. ಇನ್ನು ಒಂದೆರಡು ವರ್ಷಕ್ಕೆ ಕಂಠವೊಡೆಯುತ್ತದೆ, ಆಗ ಹೆದರಿ ಬಿಡಿಸಬೇಡಿರಿ, ಹಟದಿಂದ ಹಾಡಿಸಲೂ ಬೇಡಿರಿ, ಅದಕ್ಕೆ ಬಲ್ಲ ಗುರುವೇ ಬೇಕು ಎಂದೆ. ಕೊನೆಗೆ ಗದುಗಿನ ಹೆಸರನ್ನೂ, ವಾಡಿಗೆ ಹೋಗಿ ಗಾಡಿ ಬದಲಿಸಿ, ಹೋಟಗಿಯಿಂದ ವಿಜಾಪುರದ ಮೇಲೆ ಹೋಗುವ ದಾರಿಯನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ಆತನು ಚೀಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು. ಓದು ಬಾರದೆಂದು ಆಗ ನನಗೆ ಹೊಳೆಯಿತು. ಹುಡುಗನು ತಂದೆಯ ಕೈಯಿಂದ ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದನು.

"ಅಲ್ಲಿ ಊಟ ಅದ ಏನ್ರೀ?" ಎಂದು ತಂದೆ ಕೇಳಿದನು.

"ಇದೆ," ಎಂದೆ. "ಎರಡು ಹೊತ್ತೂ ಇದೆ."

"ರೊಕ್ಕ?"

"ಬೇಡ."

ಆತನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನ ಸೆರಗಿಗೆ ಕಟ್ಟಿಕೊಂಡು, ಗದುಗಿನ ಗಾಡಿ ವಾಡಿಯಿಂದ ಎಷ್ಟು ಗಂಟೆಗೆ ಎಂದು ವಿಚಾರಿಸತೊಡಗಿದನು.